ನಾಲ್ಕು ಮೊಳೆ, ಒಂದು ಸೊಳ್ಳೆಪರದೆ

ಮೈಸೂರಿನ ವಿಜಯನಗರದ ನಮ್ಮ ಮನೆಗೆ ನೀವೊಮ್ಮೆ ಬಂದರೆ, ಬನ್ನಿ, ಬಂದವರು ಕಾಫಿ ಕುಡಿಯದೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ಮಲಗುವ ಕೋಣೆಯ ಗೋಡೆಗಳ ಮೇಲೆ ನಿಮ್ಮ ಕಣ್ಣು ಒಂದು ಕ್ಷಣ ನಿಂತೇ ನಿಲ್ಲುತ್ತದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಮೊಳೆಗಳು. ದಪ್ಪ ತಲೆಯ, ಹಳೆಯ ಕಾಲದ, ಕೈಯೆತ್ತಿದರೆ ಎಟುಕುವಷ್ಟು ಎತ್ತರದಲ್ಲಿರುವ ಮೊಳೆಗಳು. ಅವುಗಳಿಗೆ ಪಟ ತೂಗುಹಾಕಿಲ್ಲ, ಕ್ಯಾಲೆಂಡರ್ ತಗುಲಿಹಾಕಿಲ್ಲ. ಹೊಸದಾಗಿ ಬಣ್ಣ ಕಂಡ ಗೋಡೆಯಲ್ಲಿ ಅವು ಪಂಕ್ತಿಯಲ್ಲಿ ಕೂತು ಇನ್ನೂ ಎಲೆ ಬಾರದವರ ಹಾಗೆ ಸುಮ್ಮನೆ ಕಾಯುತ್ತಿವೆ. ಬಂದ ನೆಂಟರೆಲ್ಲ ಕೇಳಿ ಆಯಿತು. ನಮ್ಮ ಯಜಮಾನರಂತೂ ಇಕ್ಕಳ ಹಿಡಿದುಕೊಂಡೇ ಒಂದೆರಡು ಸಲ ಕೋಣೆಗೆ ಬಂದದ್ದುಂಟು. ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿ, ಸಾಲದ್ದಕ್ಕೆ ಸಂಜೆಯಾದರೆ ಸೊಳ್ಳೆ ಬ್ಯಾಟು ಹಿಡಿದು ಪಟಪಟ ಎನ್ನಿಸುತ್ತ ಮನೆಯೆಲ್ಲ ದಿಗ್ವಿಜಯ ಹೊರಡುವ ಮಹಾನುಭಾವರು ಅವರು. ಆ ಮೊಳೆಗಳು ಯಾಕಿವೆಯೆಂಬುದು ಅವರಿಗೆ ತಿಳಿಯದ್ದೇನಲ್ಲ. ತಿಳಿದೂ ಕೀಟಲೆ ಮಾಡುವುದು ಅವರ ಸ್ವಭಾವ. ನಿಮಗೆ ಮಾತ್ರ ಇದನ್ನು ಮೊದಲಿನಿಂದ ಹೇಳಬೇಕು.

ಆ ಮೊಳೆಗಳನ್ನು ಹೊಡೆಸಿದ್ದು ನಮ್ಮ ಅವ್ವನ ಸೊಳ್ಳೆಪರದೆಗಾಗಿ. ನಾನು ಹುಟ್ಟಿ ಬೆಳೆದದ್ದು ಕೆಸರೆಯಲ್ಲಿ. ಅಪ್ಪನದು ವಿಭೂತಿ, ಊದುಬತ್ತಿ, ಕುಂಕುಮದ ಪುಟ್ಟ ಅಂಗಡಿ. ಮಠಕ್ಕೆ ಹೋಗಿಬರುವವರೇ ಗಿರಾಕಿಗಳು. ಹೆಸರಿನಲ್ಲೇ ಕೆಸರಿಟ್ಟುಕೊಂಡ ಆ ಜಾಗದಲ್ಲಿ ಮಳೆಗಾಲ ಬಂದರೆ ಕಪ್ಪೆಗಳದು ಒಂದು ಶ್ರುತಿ, ಸೊಳ್ಳೆಗಳದು ಇನ್ನೊಂದು. ನಡುವೆ ನಮ್ಮ ಹತ್ತಿಯ ಸೊಳ್ಳೆಪರದೆ, ತೆಳ್ಳಗೆ, ಬೆಳ್ಳಗೆ, ಕೋಣೆಯೊಳಗೆ ಇನ್ನೊಂದು ಕೋಣೆಯಾಗಿ ಇಳಿಬಿದ್ದಿರುತ್ತಿತ್ತು. ಬೆಳಗಿನ ಬಿಸಿಲು ಕಿಟಕಿಯಿಂದ ಬಂದು ಆ ಪರದೆಯಲ್ಲಿ ಸೋಸಿಕೊಂಡು ಹಾಸಿಗೆಗೆ ಬೀಳುವಾಗ, ಅರ್ಧ ನಿದ್ದೆ ಅರ್ಧ ಎಚ್ಚರದಲ್ಲಿ ಮಲಗಿದ್ದ ನನಗೆ ನಾನು ಮೋಡದ ಒಳಗಿದ್ದೇನೆ ಅನಿಸುತ್ತಿತ್ತು. ಆಚೆ ಓಡಾಡುವ ಅವ್ವನ ಆಕಾರ ನೀರಿನಡಿಯಿಂದ ಕಂಡಂತೆ ತೇಲುತ್ತಿತ್ತು. ಒಗ್ಗರಣೆಯ ಸದ್ದು ಎಲ್ಲೋ ದೂರದ ದೇಶದಿಂದ ಬರುತ್ತಿತ್ತು. ಪರದೆಯನ್ನು ಎತ್ತಿಕಟ್ಟುವ ಮುಂಚೆ ಅವ್ವ ಒಳಗೆ ಬಂದು ಕೂತು, ಬೆಳಕಿಗೆ ಮುಖ ಮಾಡಿ, ಅಂಗುಲ ಅಂಗುಲವೂ ತೂತು ಹುಡುಕುತ್ತಿದ್ದಳು. ತೂತು ಕಂಡರೆ ದಿಂಬಿಗೆ ಚುಚ್ಚಿಟ್ಟ ಸೂಜಿ ತೆಗೆದು ಹೊಲಿದುಬಿಡುತ್ತಿದ್ದಳು. ಭಯವೆಂಬುದು ನಮ್ಮ ಪಾಲಿಗೆ ಹೊರಗಿನ ವಸ್ತು. ಅದು ಸಣ್ಣಗೆ ಹಾಡಿಕೊಂಡು ಪರದೆಯ ಆಚೆಯೇ ಸುತ್ತುತ್ತಿತ್ತು.

ಅವ್ವನ ಆ ಸೂಜಿಯೇ ಮುಂದೆ ನನ್ನ ಅನ್ನಕ್ಕೆ ದಾರಿಯಾಯಿತು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಹೊಲಿಗೆ ಟೀಚರಾಗಿದ್ದೆ. ಗಣಿತದ ಮೇಷ್ಟ್ರಿಗೆ ಇದ್ದ ಗೌರವ ನಮಗೆಲ್ಲಿ ಬರಬೇಕು? ಆದರೂ ನನ್ನದೊಂದು ಸೂತ್ರವಿತ್ತು, ಅದನ್ನು ವರ್ಷ ವರ್ಷವೂ ಹೊಸ ಹುಡುಗಿಯರಿಗೆ ಹೇಳುತ್ತಿದ್ದೆ. ಬಟ್ಟೆ ನಡುವಿನಿಂದ ಹರಿಯುವುದು ಅಪರೂಪ ಕಣ್ರೇ, ಅದು ಬಿಚ್ಚಿಕೊಳ್ಳುವುದು ಅಂಚಿನಿಂದ, ಆದ್ದರಿಂದ ಅಂಚನ್ನು ಮಡಿಸಿ ಎರಡು ಸಲ ಹೊಲಿಯಿರಿ ಎಂದು. ಹುಡುಗಿಯರು ತಲೆಯಾಡಿಸಿ ಒಂದೇ ಸಲ ಹೊಲಿಯುತ್ತಿದ್ದರು. ಊರು, ದೇಶ ಎಂಬ ಬಟ್ಟೆಗಳಿಗೂ ಈ ಮಾತು ಸಲ್ಲುತ್ತದೆಂದು ನನಗೆ ತಿಳಿದದ್ದು ಮಾತ್ರ ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ, ಚಿಕ್ಕತಾಯಮ್ಮನಿಂದ.

ಚಿಕ್ಕತಾಯಮ್ಮ ನಮ್ಮ ಎದುರು ಸೈಟಿನಲ್ಲಿ ಮನೆ ಕಟ್ಟುವಾಗ ಕಾವಲಿಗೆ ಬಂದವಳು. ಜೊತೆಗೆ ತುಂಬು ಗರ್ಭಿಣಿ ಮಗಳು ಮಾದೇವಿ, ಗಾರೆ ಕೆಲಸದ ಅಳಿಯ ಕುಮಾರ. ಮೂವರಿಗೂ ಸೇರಿ ಸೈಟಿನ ಮೂಲೆಯಲ್ಲಿ ತಗಡಿನ ಶೀಟಿನ ಒಂದು ಗೂಡು. ಗೂಡಿನ ಮಗ್ಗುಲಲ್ಲೇ ಹೊಸ ಸಂಪು. ಕಟ್ಟಡಕ್ಕೆ ಕ್ಯೂರಿಂಗ್ ಮಾಡಲು, ಹಸಿ ಸಿಮೆಂಟನ್ನು ನೆನೆಸಲು, ಅದರಲ್ಲಿ ಸದಾ ನೀರು. ಆ ತಿಳಿನೀರಿನಲ್ಲಿ ಮಧ್ಯಾಹ್ನದ ಆಕಾಶ ಬಂದು ಮಲಗುತ್ತಿತ್ತು. ನಾನು ಮೇಲಿನ ಬಾಲ್ಕನಿಯಲ್ಲಿ ಕೂತು ಅದನ್ನೇ ನೋಡುತ್ತ ತೂಕಡಿಸುತ್ತಿದ್ದೆ. ಚಳಿಜ್ವರದ ಸೊಳ್ಳೆಗೂ ಅಂಥ ತಿಳಿನೀರೇ ಇಷ್ಟವೆಂಬುದು ಆಗ ಹೊಳೆದಿರಲಿಲ್ಲ. ಕೊಳಕಿದ್ದಲ್ಲಿ ಕಾಯಿಲೆ ಎಂದು ಓದಿಕೊಂಡು ಬೆಳೆದವರು ನಾವು. ಚಂದ ಕಾಣುವ ನೀರಿನ ಮೇಲೆ ಯಾರು ಅನುಮಾನ ಪಡುತ್ತಾರೆ?

ಅವರ ಊರು ಹೆಗ್ಗಡದೇವನ ಕೋಟೆಯಿಂದಲೂ ಆಚೆ, ಕಾಡಿನ ಸೆರಗಿನಲ್ಲಿ, ಇನ್ನೊಂದು ಹೆಜ್ಜೆ ಇಟ್ಟರೆ ಕೇರಳ ಎನ್ನುವಲ್ಲಿದೆ. ಚಿಕ್ಕತಾಯಮ್ಮ ಕೂತು ಊರಿನ ಕತೆ ಹೇಳಿದರೆ ನನಗೆ ಅದು ಕನಸಿನ ಸೀಮೆಯಂತೆ ಕೇಳುತ್ತಿತ್ತು. ಹಿತ್ತಲಲ್ಲಿ ಒಂದು ಹಳ್ಳ, ಹಳ್ಳದ ಈ ದಡದಲ್ಲಿ ನಮ್ಮ ಸರ್ಕಾರ, ಆ ದಡದಲ್ಲಿ ಇನ್ನೊಂದು. ಆನೆ ಎರಡೂ ದಡಕ್ಕೆ ಸೇರಿದ್ದು, ಸೊಳ್ಳೆ ಕೂಡ. ಈ ಕಡೆ ಕೂಲಿ ಇಲ್ಲದಾಗ ಜನ ಆ ಕಡೆ ಶುಂಠಿ ಕೀಳಲು, ಕಾಫಿ ಬಿಡಿಸಲು, ಮೆಣಸು ಬಿಡಿಸಲು ಹೋಗುತ್ತಾರೆ. ಅಲ್ಲಿ ತೋಟದಂಚಿನ ಟಾರ್ಪಾಲಿನ ಡೇರೆಯಲ್ಲಿ ಮಲಗುತ್ತಾರೆ. ಈ ಕಡೆಯ ಆರೋಗ್ಯದವರು ರಕ್ತ ನೋಡಲು ಮನೆಗೆ ಬಂದರೆ ಮನೆಯವರು ಆ ಕಡೆ. ಆ ಕಡೆಯವರು ಕೇಳಿದರೆ ಇವರದು ಈ ಕಡೆಯ ಊರು. "ಎಲ್ಡೂ ಕಡೆ ಇದ್ರೆ ಯಾವ ಕಡೆನೂ ಇಲ್ಲ ಅಂತಾನೇ ಲೆಕ್ಕ ಕಣ್ರವ್ವ" ಎಂದು ಚಿಕ್ಕತಾಯಮ್ಮ ನಗುತ್ತಿದ್ದಳು. ನಮ್ಮ ಕಡೆ ಒಂದು ಗಾದೆಯಿದೆ, 'ಬಡವಾ ನೀ ಮಡಗ್ದಂಗಿರು' ಎಂದು. ಅದನ್ನು ಕಟ್ಟಿದವನು ಹೊಟ್ಟೆ ತುಂಬಿದವನೇ ಇರಬೇಕು. ಇಟ್ಟಲ್ಲೇ ಇರಲು ಬಡವನಿಗೆ ಬಿಡುವವರು ಯಾರು? ಅವನು ಓಡಾಡಿದಷ್ಟು ಯಾವ ಯಾತ್ರಿಕನೂ ಓಡಾಡಿಲ್ಲ.

ಅವರ ಊರಿನ ಮನೆಗಳಿಗೆ ಔಷಧಿ ಸವರಿದ ಸೊಳ್ಳೆಪರದೆ ಹಂಚಿದ್ದರು. ಒಂದು ಮನೆಗೆ ಒಂದು. ಚಿಕ್ಕತಾಯಮ್ಮ ಅದರ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಕೂಡ ಬಿಚ್ಚದೆ ಮಗಳ ಬಾಣಂತನಕ್ಕೆಂದು ಎತ್ತಿಟ್ಟುಕೊಂಡು, ಪಾತ್ರೆಪಗಡಿಯ ಜೊತೆ ಮೈಸೂರಿಗೆ ಹೊತ್ತು ತಂದಿದ್ದಳು. ಒಳ್ಳೆಯದನ್ನು ಒಳ್ಳೆಯ ದಿನಕ್ಕೆ ತೆಗೆದಿಡುವುದು ಇಲ್ಲದವರ ಮನೆಯ ಶಿಸ್ತು. ಇದ್ದವರು ಅದನ್ನು ಜಿಪುಣತನ ಎನ್ನುತ್ತಾರೆ. ಮಾದೇವಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತು, ಹೆಣ್ಣುಮಗುವನ್ನು ಮಡಿಲಲ್ಲಿಟ್ಟುಕೊಂಡು ತಗಡಿನ ಗೂಡಿಗೆ ಬಂದಳು. ಊರಿಗೆ ಯಾಕೆ ಕಳಿಸಲಿಲ್ಲ ಎಂದರೆ, ಊರಿಗೆ ಹೋದರೆ ಕಾವಲಿನ ಕೆಲಸವೂ ಹೋಗುತ್ತದೆ, ಆ ಗೂಡೂ ಹೋಗುತ್ತದೆ. ಅವತ್ತು ಪರದೆ ಹೊರಗೆ ಬಂತು. ಬಂದದ್ದೇ ನೆಟ್ಟಗೆ ಒಲೆಯ ಮೇಲಿನ ಕುದಿಯುವ ಹಂಡೆಗೆ ಹೋಯಿತು.

ಆ ಒಗೆತವನ್ನು ನಾನು ಬಾಲ್ಕನಿಯಿಂದ ದಿನವೂ ನೋಡಿದೆ. ಸೋಡಾ ಹಾಕಿ ಕುದಿಸುವುದು, ಕಲ್ಲಿಗೆ ಬಡಿಯುವುದು, ಬಿಸಿಲಲ್ಲಿ ಹರವುವುದು, ಒಣಗಿದ್ದನ್ನು ಕೆನ್ನೆಗೆ ಒತ್ತಿಕೊಂಡು ನೋಡುವುದು, ಇನ್ನೂ ಒರಟಾಗಿದೆ ಎನಿಸಿದರೆ ಮರುದಿನ ಮತ್ತೆ ಹಂಡೆ. ಎಳೆಯ ಬಿಸಿಲಿನಲ್ಲಿ ಆ ಪರದೆ ಗಾಳಿಗೆ ಉಬ್ಬಿ ಇಳಿಯುವಾಗ ನನಗೆ ಕೆಸರೆಯ ಮೋಡ ನೆನಪಾಗುತ್ತಿತ್ತು. ಯಾಕೆ ಹಾಗೆ ಮಾಡುತ್ತಿದ್ದಾಳೆ ಎಂದು ಕೇಳಬೇಕಾದ ಅಗತ್ಯವೇ ನನಗಿರಲಿಲ್ಲ. ನಮ್ಮ ಕಡೆ ಹಸುಗೂಸಿಗೆ ಹೊಸ ಬಟ್ಟೆ ಸೋಕಿಸುವುದಿಲ್ಲ. ಹೊಸದರಲ್ಲಿ ಗಂಜಿಯ ಒರಟು, ಅಂಗಡಿಯ ವಾಸನೆ, ಯಾರ ಯಾರದೋ ಕಣ್ಣು. ಮಗುವಿಗೆ ಹಳೆಯದೇ ಆಗಬೇಕು, ಒಗೆದೊಗೆದು ಬೆಣ್ಣೆಯಾದದ್ದು, ಬಾಳಿದವರ ಮೈಮೇಲೆ ಬಾಳಿದ್ದು. ನನ್ನ ಮಗಳು ಹುಟ್ಟಿದಾಗ ಅವ್ವ ತನ್ನ ನೂಲಿನ ಸೀರೆಗಳನ್ನೇ ಹರಿದು ತುಂಡು ಮಾಡಿದ್ದಳು. ಹಳೆಯದಿಲ್ಲದವರು ಏನು ಮಾಡಬೇಕು? ಇರುವ ಒಂದೇ ಹೊಸದನ್ನು ಹಳೆಯದು ಮಾಡಬೇಕು. ಚಿಕ್ಕತಾಯಮ್ಮ ಅದನ್ನೇ ಮಾಡುತ್ತಿದ್ದಳು, ಕೈ ಕೆಂಪಾಗುವವರೆಗೆ, ಹಾಡು ಗುನುಗುತ್ತ. ಅಷ್ಟು ಅಕ್ಕರೆಯ ಒಗೆತವನ್ನು ನಾನು ಕಂಡಿರಲಿಲ್ಲ.

ಬೆಣ್ಣೆಯಂತಾದ ಪರದೆಯನ್ನು ಕಟ್ಟುವುದೆಲ್ಲಿ ಎಂಬುದು ಆಮೇಲಿನ ಪ್ರಶ್ನೆ. ತಗಡಿನ ಶೀಟಿಗೆ ಮೊಳೆ ನಿಲ್ಲುವುದಿಲ್ಲ. ಮಂಚವಿಲ್ಲದ ಮೇಲೆ ಮಂಚದ ಕಂಬವೂ ಇಲ್ಲ. ಸಂಜೆಯಾದರೆ ಕಾದ ತಗಡಿನ ಕೆಳಗೆ ಕೂರಲಾಗದೆ ಬಾಣಂತಿ ಮಗುವನ್ನೆತ್ತಿಕೊಂಡು ಸಂಪಿನ ಪಕ್ಕದ ಮರಳಿನ ಗುಡ್ಡೆಗೆ ಬಂದು, ಪರದೆಯನ್ನೇ ಸೆರಗಿನಂತೆ ಮೇಲೆ ಎಳೆದುಕೊಂಡು ಒರಗುತ್ತಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಹಾಸಿಗೆಯೇ ಇಲ್ಲದವರು ಕಾಲನ್ನು ಎಲ್ಲಿಟ್ಟುಕೊಳ್ಳಬೇಕೆಂದು ಗಾದೆ ಹೇಳುವುದಿಲ್ಲ. ಸೊಳ್ಳೆಪರದೆ ಕೊಟ್ಟವರು ಅದರ ಜೊತೆ ಒಂದು ಕೋಣೆಯೂ ಇದೆ, ಕೋಣೆಗೆ ನಾಲ್ಕು ಗೋಡೆಯಿದೆ, ಗೋಡೆಗೆ ಮೊಳೆ ಹೊಡೆಯಬಹುದು ಎಂದುಕೊಂಡಿರುತ್ತಾರೆ. ಬಡತನ ಎಂದರೆ ಪರದೆ ಇಲ್ಲದ್ದಲ್ಲ, ಆ ನಾಲ್ಕು ಮೊಳೆಗೆ ಜಾಗವಿಲ್ಲದ್ದು ಎಂದು ನನಗೆ ಈಗ ಅನಿಸುತ್ತದೆ.

ಒಂದು ಮಧ್ಯಾಹ್ನ, ಮೈಸೂರಿನ ಹಿತವಾದ ಬಿಸಿಲಿನಲ್ಲಿ, ಮಾದೇವಿ ಎರಡು ಕಂಬಳಿ ಹೊದ್ದು ಹಲ್ಲು ಕಟಕಟ ಕಡಿಯುತ್ತ ಕೂತಿದ್ದನ್ನು ಕಂಡೆ. ಬಾಣಂತಿಗೆ ಶೀತವಾಗಿದೆ ಎಂದು ಚಿಕ್ಕತಾಯಮ್ಮ ಬೆಳ್ಳುಳ್ಳಿ ಸುಟ್ಟು ಕೊಟ್ಟಳು, ಸಾಂಬ್ರಾಣಿ ಹೊಗೆ ಹಾಕಿದಳು. ಮರುದಿನ ಮಗಳು ಎದ್ದು ನಗುನಗುತ್ತ ಓಡಾಡಿದಳು. ಅದರ ಮರುದಿನ ಮತ್ತೆ ಅದೇ ಹೊತ್ತಿಗೆ ಅದೇ ನಡುಕ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಒಂದು ಕಪಟವಿದೆ. ಬಂದ ದಿನ ಏಳಲು ಬಿಡುವುದಿಲ್ಲ, ಬಾರದ ದಿನ ವಾಸಿಯಾಯಿತು ಎಂದು ನಂಬಿಸುತ್ತದೆ. ಕೂಲಿಯವರಿಗೆ ನಂಬುವುದೇ ಅನುಕೂಲ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೆಲಸ ಹೋಯಿತು, ಗೋಡೆಗೆ ನೀರುಣಿಸುವವರಿಲ್ಲ, ಮೇಸ್ತ್ರಿಯ ಬೈಗುಳ ಬೇರೆ. ಮೊಲೆಯುಣ್ಣುವ ಮಗುವಿನ ಮೈಯೂ ಬೆಚ್ಚಗಾಯಿತು ಎಂದಾಗ ಮಾತ್ರ ಚಿಕ್ಕತಾಯಮ್ಮನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಆಟೋ ಕರೆಸಿ ನಾನೂ ಜೊತೆಗೆ ಹೋದೆ.

ಆಸ್ಪತ್ರೆಯಲ್ಲಿ ರಕ್ತ ನೋಡಿ, ತಾಯಿಗೆ ಮಲೇರಿಯಾ, ಮಗುವಿನ ರಕ್ತದಲ್ಲಿ ಏನೂ ಇಲ್ಲ ಎಂದರು. ನಮ್ಮ ಮೂವರ ಎದೆಯ ಭಾರವೂ ಒಟ್ಟಿಗೆ ಇಳಿಯಿತು. ಹಿಂದೆಯೂ ಈ ಜ್ವರ ಬಂದಿತ್ತೇ ಎಂದು ಡಾಕ್ಟರು ಕೇಳಿದರು. ಆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯವಳು. ಬಂದಿತ್ತಂತೆ, ಶುಂಠಿ ಕೀಳಲು ಹೋದಾಗ, ಗಂಡ ಹೆಂಡತಿ ಇಬ್ಬರಿಗೂ. ಮಾತ್ರೆ ಸಿಕ್ಕಿದ್ದು ಒಬ್ಬರಿಗೆ. "ಅವ್ರಿಗೂ ಜರ ಅಲ್ವರಾ, ಅಂಚ್ಕೊಂಡ್ವಿ" ಎಂದಳು ಮಾದೇವಿ, ರೊಟ್ಟಿ ಹಂಚಿಕೊಂಡವರ ದನಿಯಲ್ಲಿ. ಹಂಚಿ ತಿಂದರೆ ಹಸಿವು ಅರ್ಧವಾಗುತ್ತದೆ ಎಂದು ಕಲಿತ ಮನೆ ಅದು; ಮಾತ್ರೆಯ ವಿಷಯದಲ್ಲಿ ಆ ಲೆಕ್ಕ ತಿರುವುಮುರುವು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಸೊಳ್ಳೆಪರದೆ ಕಟ್ಟಲ್ವೇನಮ್ಮ?" ಎಂದು ನರ್ಸಮ್ಮ ಕೇಳಿದರು. ಚಿಕ್ಕತಾಯಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವಳಿಗೆ ಹೇಳಿಕೊಳ್ಳಲು ಒಂದು ಒಳ್ಳೆಯ ವಿಷಯ ಸಿಕ್ಕಿತ್ತು.

"ಔದು ಕಣ್ರವ್ವ, ಔಸ್ದಿ ಆಕಿರೋದೇ ಅದೆ. ದಿನಾ ಕುದ್ಸಿ ಕುದ್ಸಿ, ಸೋಡ ಆಕಿ, ಕಲ್ಲಿಗೆ ಬಡ್ದು, ಬೆಣ್ಣೆಯಂಗೆ ಮಾಡಿವ್ನಿ ಮೊಗಕ್ಕೆ."

ನರ್ಸಮ್ಮ ಹಣೆಗೆ ಕೈ ಹಚ್ಚಿಕೊಂಡರು. "ಅಯ್ಯೋ ತಾಯಿ, ಔಷಧಿಯೆಲ್ಲ ತೊಳ್ದು ಚರಂಡಿಗೆ ಬಿಟ್ಟುಬಿಟ್ರಲ್ಲ! ಅದನ್ನ ತಣ್ಣೀರಲ್ಲಿ ಯಾವಾಗಲೋ ಒಂದ್ಸಲ ಜಾಲಿಸಿ, ನೆರಳಲ್ಲಿ ಒಣಗಿಸ್ಬೇಕು ಕಣಮ್ಮ." ಆಮೇಲೆ ಚಿಕ್ಕತಾಯಮ್ಮನ ಮುಖ ನೋಡಿ ದನಿ ತಗ್ಗಿಸಿದರು. ಬಯ್ಯುವುದಕ್ಕೆ ಅಲ್ಲೇನೂ ಉಳಿದಿರಲಿಲ್ಲ.

ಚಿಕ್ಕತಾಯಮ್ಮ ತನ್ನ ಎರಡೂ ಅಂಗೈಗಳನ್ನು ಮಗುಚಿ ನೋಡಿಕೊಂಡಳು, ಒಗೆತದಲ್ಲಿ ಸಿಪ್ಪೆ ಎದ್ದ ಕೈಗಳು. "ಮಾದೇವಿಗಿಂತ ಮುಂಚೆ ನಂಗೊಬ್ಳು ಮಗ್ಳಿದ್ಳು ಕಣ್ರವ್ವ" ಎಂದು ನನ್ನ ಕಡೆ ತಿರುಗಿ ಹೇಳಿದಳು. "ಇಂಗೇ ಚಳಿಜರ. ಹಳ್ಳ ತುಂಬಿತ್ತು, ದಾಟಕಾಗ್ಲಿಲ್ಲ, ಹೋಗ್ಬುಟ್ಲು. ಅದ್ಕೇ ಇದ್ನ ಅಷ್ಟು ಒಗ್ದೆ." ಆ ಹೊತ್ತಿಗೆ ನನಗೆ ದುಃಖ ಉಕ್ಕಿ ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದರೆ ಹೇಳಲಾರೆ. ಪ್ರೀತಿಯೇ ಔಷಧಿಯನ್ನು ತೊಳೆದುಹಾಕಿತ್ತು. ನಾನಿದ್ದರೂ ಹಾಗೆಯೇ ಒಗೆಯುತ್ತಿದ್ದೆ, ಅವ್ವನೂ ಒಗೆಯುತ್ತಿದ್ದಳು. ನಮಗೂ ಅವಳಿಗೂ ಇದ್ದ ವ್ಯತ್ಯಾಸ ಇಷ್ಟೇ, ನಮ್ಮ ತಪ್ಪುಗಳನ್ನು ತಾಳಿಕೊಳ್ಳಲು ನಮಗೊಂದು ಗಟ್ಟಿ ಮನೆಯಿತ್ತು.

ಡಾಕ್ಟರು ಇನ್ನೊಂದು ಮಾತು ಹೇಳಿದರು, ಈ ಬರಹದ ಪ್ರಾಣ ಇರುವುದು ಅದರಲ್ಲಿ. ಈಗ ಕೊಡುವ ಮಾತ್ರೆ ಮೈಮೇಲೆ ಬಂದ ಜ್ವರವನ್ನು ಇಳಿಸುತ್ತದೆ. ಆದರೆ ಈ ಜಾತಿಯ ಜ್ವರದ ಬೀಜ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಅಡಗಿ ನಿದ್ದೆ ಮಾಡುತ್ತದೆ; ತಿಂಗಳುಗಟ್ಟಲೆ ಮಲಗಿದ್ದು ಒಂದು ದಿನ ಏಳುತ್ತದೆ. ಅದನ್ನು ಬೇರುಸಹಿತ ಕೀಳುವ ಮಾತ್ರೆ ಬೇರೆ ಇದೆ, ಆದರೆ ಎಳೆಮಗುವಿಗೆ ಹಾಲೂಡಿಸುವ ತಾಯಿಗೆ ಅದನ್ನು ಕೊಡುವಂತಿಲ್ಲ. ಮಗು ಬೆಳೆದು ಅನ್ನ ತಿನ್ನಲು ಶುರುಮಾಡುವ ಹೊತ್ತಿಗೆ ತಪ್ಪದೆ ಕರೆದುಕೊಂಡು ಬನ್ನಿ ಎಂದರು. ಚಿಕ್ಕತಾಯಮ್ಮ ತಲೆಯಾಡಿಸಿದಳು, ನನ್ನ ಹುಡುಗಿಯರು ಅಂಚಿನ ಮಾತಿಗೆ ಆಡಿಸುತ್ತಿದ್ದ ಹಾಗೆಯೇ. ನನಗೆ ಭಯವಾಯಿತು. ತಾರಸಿಗೆ ಮೋಲ್ಡ್ ಹಾಕಿ ಮುಗಿದರೆ ಇವರಿಗೆ ಈ ಸೈಟಿನಲ್ಲಿ ಕೆಲಸವಿಲ್ಲ. ಮಗು ಅನ್ನ ತಿನ್ನುವ ಹೊತ್ತಿಗೆ ಇವರು ಯಾವ ದಡದಲ್ಲಿರುತ್ತಾರೋ! ನೆಟ್ಟಗೆ ನಡೆದಾಡುವ ಹೆಂಗಸು, ಬಾರದ ಜ್ವರಕ್ಕೆ ಮಾತ್ರೆ ನುಂಗಲು ಗಡಿಯಿಂದ ಇಲ್ಲಿಗೆ ಯಾಕೆ ಬರುತ್ತಾಳೆ? ಔಷಧಿಗೂ ಒಂದು ವಿಳಾಸ ಬೇಕು; ಇವರಿಗೆ ಇಲ್ಲದ್ದು ಅದೊಂದೇ.

ಮನೆಗೆ ಬಂದವಳೇ ಕೋಣೆಯ ಮೊಳೆಗಳಿಂದ ಅವ್ವನ ಪರದೆ ಬಿಚ್ಚಿದೆ. ಅವ್ವ ಹೋದ ಮೇಲೆ ಕೆಸರೆಯಿಂದ ನಾನು ತಂದುಕೊಂಡ ಆಸ್ತಿ ಅದೊಂದು. ಜಾಲರಿಯ ಕಿಟಕಿಯ ಮನೆಯಲ್ಲಿ ಅದರ ಅಗತ್ಯವಿರಲಿಲ್ಲ. ಬೆಳಗಿನ ಮೋಡಕ್ಕಾಗಿ ಕಟ್ಟಿಕೊಂಡಿದ್ದೆ, ಅಷ್ಟೆ. ಔಷಧಿಯೇನೂ ಅದರಲ್ಲಿ ಇಲ್ಲ, ಆದರೆ ತೂತೂ ಇಲ್ಲ. ಚಿಕ್ಕತಾಯಮ್ಮ ಅದನ್ನು ಮುಟ್ಟಿ, ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಳು. ಆಮೇಲೆ ಹಿಂದಕ್ಕೆ ಕೊಟ್ಟುಬಿಟ್ಟಳು.

"ಬ್ಯಾಡಿ ಅವ್ವ. ಮೊಗಕ್ಕೆ ದಾನದ ಬಟ್ಟೆ ಆಕ್ಬಾರ್ದು."

"ಮತ್ತೇನು ಮಾಡ್ಬೇಕು ಚಿಕ್ಕತಾಯಮ್ಮ?"

"ಕಡ ಕೊಡಿ ಬೇಕಾದ್ರೆ. ತೊಟ್ಲು, ಹಳೇ ಬಟ್ಟೆ ಎಲ್ಲಾನೂವೆ ಮಕ್ಳು ಬಾಳಿದ ಮನೆಯಿಂದ ಕಡ ತರೋದು ನಮ್ಮಲ್ಲಿ. ಮೊಗ ಅನ್ನ ಉಂಡ ಮ್ಯಾಕೆ ವಾಪಸ್ ತಂದ್ಕೊಡ್ಬೇಕು. ಬರಿಗೈಲಿ ತರಂಗಿಲ್ಲ, ಒಳಗೇನಾದ್ರೂ ಕಟ್ಕಂಡೇ ತರ್ಬೇಕು."

ಮಗು ಅನ್ನ ಉಂಡ ಮೇಲೆ! ಡಾಕ್ಟರು ಹೇಳಿದ್ದೂ ಅದೇ ಹೊತ್ತು. ಆಸ್ಪತ್ರೆಯ ಮಾತಿಗೆ ಸುಮ್ಮನೆ ತಲೆಯಾಡಿಸಿದ ಹೆಂಗಸು, ಕಡ ತಂದದ್ದನ್ನು ಹಿಂದಿರುಗಿಸುವ ಮಾತಿಗೆ ಎಷ್ಟು ಗಟ್ಟಿಯಾಗಿ ನಿಂತಿದ್ದಳು. "ಆಗಲಿ, ಕಡ ಅಂತಲೇ ಕೊಟ್ಟಿದ್ದೀನಿ" ಎಂದೆ. "ಇದು ನಮ್ಮವ್ವನದು. ತಂದುಕೊಡದೆ ಇದ್ರೆ ನಾನು ಸುಮ್ಮನಿರೋಳಲ್ಲ. ನೀನೊಬ್ಳೇ ಬಂದ್ರೂ ತಗೊಳಲ್ಲ, ಮಾದೇವಿನೂ ಮಗುನೂ ಕರ್ಕೊಂಡು ಬರ್ಬೇಕು." ಅವಳು ಮಾದಪ್ಪನ ಮೇಲೆ ಆಣೆಯಿಟ್ಟಳು. ಅವತ್ತೇ ಸಂಜೆ ಕುಮಾರ ಸೆಂಟ್ರಿಂಗಿನ ನಾಲ್ಕು ಸರ್ವೆ ಕಂಬಗಳನ್ನು ಗೂಡಿನ ಒಳಗೆ ಹೂತು, ಪರದೆ ಕಟ್ಟಿದ. ತಗಡಿನ ಕೆಳಗೆ ಕೆಸರೆಯ ಮೋಡ ಇಳಿಯಿತು.

ಮಾದೇವಿ ಚೇತರಿಸಿಕೊಂಡಳು. ಮನೆಯ ಮೋಲ್ಡ್ ಮುಗಿಯಿತು, ಸಂಪಿಗೆ ಮುಚ್ಚಳ ಬಂತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ತಗಡುಗಳನ್ನು ಲಾರಿಗೆ ತುಂಬುತ್ತಿದ್ದರು, ಚಿಕ್ಕತಾಯಮ್ಮ ನನಗೆ ಕೈಮುಗಿದು ಹತ್ತಿದಳು. ಸ್ವಲ್ಪ ದಿನ ಇಲವಾಲದ ಕಡೆ ಇನ್ನೊಂದು ಬಡಾವಣೆಯ ಕೆಲಸ, ಆಮೇಲೆ ಊರಿಗೆ ಎಂದಿದ್ದಳು. ಕೊಟ್ಟಿದ್ದ ಫೋನ್ ನಂಬರಿಗೆ ಮೊದಮೊದಲು ಸಿಗುತ್ತಿದ್ದರು; ಆಮೇಲೆ ಕರೆನ್ಸಿ ಮುಗಿದಿರಬೇಕು, ಆಮೇಲೆ ಆ ನಂಬರೇ ಇಲ್ಲವೆಂದು ಯಂತ್ರದ ಹೆಣ್ಣು ಮೂರು ಭಾಷೆಯಲ್ಲಿ ಹೇಳತೊಡಗಿದಳು. ನನ್ನ ಕೋಣೆಯಲ್ಲಿ ನಾಲ್ಕು ಮೊಳೆಗಳು ಬರಿದಾಗಿ ನಿಂತವು.

ಆ ದಿನಗಳಲ್ಲಿ ಬೆಳಗಿನ ನಿದ್ದೆಯಲ್ಲಿ ನನಗೆ ಮತ್ತೆ ಮತ್ತೆ ಒಂದೇ ಕನಸು. ಒಂದು ಹಳ್ಳ, ಅದರ ಮೇಲೆ ಮಂಜಿನ ಹಾಗೆ ಅವ್ವನ ಪರದೆ ಹರಡಿಕೊಂಡಿದೆ, ಎರಡೂ ದಡದ ಹೆಂಗಸರು ಕೂತು ಅದರ ಅಂಚು ಮಡಿಸಿ ಹೊಲಿಯುತ್ತಿದ್ದಾರೆ, ಹೊಲಿದಷ್ಟೂ ಅದು ಉದ್ದವಾಗುತ್ತದೆ. ಎಚ್ಚರವಾದರೆ ಕೈಬೆರಳು ಹಾಸಿಗೆಯ ಮೇಲೆ ಸೂಜಿ ಹುಡುಕುತ್ತಿರುತ್ತಿತ್ತು. ಯಜಮಾನರು "ನಿಮ್ಮವ್ವನ ಪರದೆ ಹೋಯ್ತು ಅಂತ ತಿಳ್ಕೋ" ಎಂದರು. ಪರದೆಯ ಚಿಂತೆ ಯಾರಿಗಿತ್ತು? ಒಳಗೆ ಮಲಗಿದ ಜ್ವರ ಎದ್ದರೆ, ಹಳ್ಳ ತುಂಬಿದ್ದರೆ ಎಂಬುದಷ್ಟೇ ನನ್ನ ಚಿಂತೆ. ಒಂದು ಮನೆಗೆ ಒಂದು ಹಳೆಯ ಪರದೆ ಕಡ ಕೊಟ್ಟರೆ ಗಡಿಯ ಜ್ವರ ನಿಲ್ಲುವುದಿಲ್ಲ ಎಂಬಷ್ಟು ತಿಳಿವಳಿಕೆ ನನಗೂ ಇದೆ. ಅದಕ್ಕೆ ಗೋಡೆ ಬೇಕು, ಸೇತುವೆ ಬೇಕು, ಜ್ವರ ಬಂದ ದಿನ ಮಲಗಿದರೂ ಒಲೆ ಉರಿಯುವಂಥ ಕೂಲಿ ಬೇಕು. ಹೊಲಿಗೆ ಟೀಚರ ಕೈಯಲ್ಲಿ ಅವು ಯಾವುವೂ ಇಲ್ಲ.

ಅವರೆಕಾಯಿಯ ಕಾಲ. ಬೀದಿಯೆಲ್ಲ ಸೊಗಡಿನ ಘಮ. ಗೇಟಿನ ಚಿಲಕ ಸದ್ದಾಯಿತು. ಚಿಕ್ಕತಾಯಮ್ಮ ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. ಹಿಂದೆ ಮಾದೇವಿ, ಸೊಂಟದ ಮೇಲೆ ಬಾಯಿಗೆ ಮುಷ್ಟಿ ತುರುಕಿಕೊಂಡ ಮಗು. ಗಂಟು ಬಿಚ್ಚಿದರೆ ಅವ್ವನ ಪರದೆ, ಪರದೆಯೊಳಗೆ ಒಂದು ಸೇರು ರಾಗಿ, ಒಂದು ಮಡಿಲು ಅವರೆಕಾಯಿ. ನನ್ನ ಕಣ್ಣು ತುಂಬಿದ್ದನ್ನು ಮರೆಸಲು ಮಗುವನ್ನು ಎತ್ತಿಕೊಂಡೆ. ಅದು ನನ್ನ ಕನ್ನಡಕ ಕಿತ್ತುಕೊಂಡಿತು.

"ಉಂಡ್ಳು ಕಣ್ರವ್ವ, ರಾಗಿ ಸರಿ. ಅದ್ಕೇ ತಂದ್ಬುಟ್ಟೆ. ಕಡದ್ದು ಇಟ್ಕಂಡಿದ್ರೆ ಮೊಗಕ್ಕೆ ಒಳ್ಳೇದಾಗಲ್ಲ."

ನಡುವೆ ಮಾದೇವಿಗೆ ಒಂದು ಸಲ ಜ್ವರ ಮರಳಿತ್ತಂತೆ, ಡಾಕ್ಟರು ಹೇಳಿದ್ದ ಹಾಗೆಯೇ. ಈ ಸಲ ಮಾತ್ರೆಯನ್ನು ಯಾರ ಜೊತೆಗೂ ಹಂಚಿಕೊಳ್ಳಲಿಲ್ಲ ಎಂದು ಅವಳು ಸಂಕೋಚದಿಂದ, ತಪ್ಪು ಮಾಡಿದವಳಂತೆ ಹೇಳಿದಳು. ಕಾಫಿ ಕುಡಿದು ನೆಟ್ಟಗೆ ಆಸ್ಪತ್ರೆಗೆ ಹೋದೆವು. ಮತ್ತೆ ರಕ್ತ ನೋಡಿ, ತಾಯಿ ಮಗು ಇಬ್ಬರನ್ನೂ ಪರೀಕ್ಷಿಸಿ, ಬೇರು ಕೀಳುವ ಆ ಇನ್ನೊಂದು ಮಾತ್ರೆ ಕೊಟ್ಟರು. ಜ್ವರವಿಲ್ಲದಿದ್ದರೂ ದಿನವೂ ನುಂಗಬೇಕು, ನಡುವೆ ಬಿಡಬಾರದು, ಏನಾದರೂ ತೊಂದರೆ ಕಂಡರೆ ಕೂಡಲೇ ಬರಬೇಕು ಎಂದರು. ಮತ್ತೆ ಅದೇ ತಲೆಯಾಡಿಸುವಿಕೆ. ಈಗ ನನಗೆ ಉಪಾಯ ಗೊತ್ತಿತ್ತು. ಕುಮಾರನಿಗೆ ಇಲವಾಲದ ಹತ್ತಿರ ಮತ್ತೆ ಕೆಲಸ ಸಿಕ್ಕಿತ್ತು, ಮತ್ತೆ ತಗಡಿನ ಗೂಡು. ಅಡುಗೆಮನೆಯಲ್ಲಿ ರಾಗಿ ಸುರಿದುಕೊಂಡು, ಪರದೆ ಮಡಿಸಿ ಚಿಕ್ಕತಾಯಮ್ಮನ ಕೈಗಿಟ್ಟೆ.

"ಆ ಕಡ ತೀರಿತು. ಇದು ಎರಡನೇ ಕಡ. ಈ ಸಲ ರಾಗಿ ಬೇಡ. ಮಾತ್ರೆ ಪೂರಾ ಮುಗಿಸಿ, ಅದರ ಖಾಲಿ ಹಾಳೆ ಇದರಲ್ಲಿ ಕಟ್ಕೊಂಡು ಬಾ."

ಚಿಕ್ಕತಾಯಮ್ಮ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ಖಾಲೀದು ತರ್ಬಾರ್ದು ಅಂದ್ರೆ ನೀವು ಖಾಲೀದೇ ಕೇಳ್ತೀರಲ್ಲ ಅವ್ವ!"

ಆದರೆ ತಂದಳು. ಇಲವಾಲದಿಂದ ಬಸ್ಸು ಹಿಡಿದು ಬಂದು, ಗಂಟು ಬಿಚ್ಚಿ, ಒಂದು ಮಾತ್ರೆಯೂ ಉಳಿಯದೆ ಸಿಡಿದ ಬೆಳ್ಳಿ ಬಣ್ಣದ ಹಾಳೆಗಳನ್ನು ನನ್ನ ಅಂಗೈಗೆ ಸುರಿದಳು. ಅಷ್ಟು ತುಂಬಿದ ಖಾಲಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವು ಈಗಲೂ ನನ್ನ ಹೊಲಿಗೆ ಡಬ್ಬದಲ್ಲಿ ಗುಂಡಿಗಳ ಜೊತೆಗಿವೆ. ಪರದೆಯ ನಾಲ್ಕು ಮೂಲೆಯ ಲಾಡಿಗಳಲ್ಲಿ ಮೂರು ಅವ್ವ ಹೊಲಿದ ಬಿಳಿಯವು. ನಾಲ್ಕನೆಯದು ಎಲ್ಲೋ ಕಿತ್ತುಹೋಗಿ, ಅಲ್ಲಿ ಮಾದೇವಿಯ ಹಸಿರು ಸೀರೆಯ ಅಂಚು ಬಂದು ಕೂತಿತ್ತು. ತಿರುಗಿಸಿ ನೋಡಿದೆ. ಮಡಿಸಿ, ಎರಡು ಸಲ ಹೊಲಿದಿದ್ದಳು.

ಪರದೆಯನ್ನು ಮೊಳೆಗೆ ಕಟ್ಟಲು ಎದ್ದೆ. ಚಿಕ್ಕತಾಯಮ್ಮ ಏನೋ ಹೇಳಬೇಕೆಂದು ನಿಂತಿದ್ದಳು. ಊರಲ್ಲಿ ಪಕ್ಕದ ಮನೆಯ ಸೊಸೆಗೆ ಈಗ ದಿನ ತುಂಬುತ್ತಿದೆಯಂತೆ. ಆ ಮನೆಯಲ್ಲಿ ಹಳೆಯ ಬಟ್ಟೆ ಎಂಬುದೇ ಇಲ್ಲವಂತೆ. ಸರ್ಕಾರ ಕೊಟ್ಟ ಪರದೆಯನ್ನು ಒಗೆಯದೆ ಹಾಗೇ ಕಟ್ಟಿಕೊಳ್ಳಲು ಇವಳೇ ಖುದ್ದಾಗಿ ಹೇಳಿದ್ದಾಳೆ, ಅದು ದೊಡ್ಡವರಿಗಾಯಿತು. ತೊಟ್ಟಿಲಿಗೆ ಮಾತ್ರ, ಬಾಳಿದ ಮನೆಯದ್ದು, ಒಂದು ಸಲ...

ಅದಕ್ಕೇ, ಸ್ನೇಹಿತರೇ, ನೀವು ಬಂದಾಗ ಆ ಗೋಡೆಯಲ್ಲಿ ಬರೀ ಮೊಳೆಗಳೇ ಕಾಣುವುದು. ಬೆಳಗಿನ ಬಿಸಿಲು ಈಗ ಸೋಸಿಕೊಳ್ಳದೆ ನೇರವಾಗಿ ನನ್ನ ಮುಖಕ್ಕೇ ಬೀಳುತ್ತದೆ, ಬೇಗ ಎಚ್ಚರವಾಗುತ್ತದೆ. ಯಜಮಾನರು ಇಕ್ಕಳವನ್ನು ಡಬ್ಬಕ್ಕೆ ಹಾಕಿಟ್ಟಿದ್ದಾರೆ. ಮೊನ್ನೆ ಬಂದ ನೆಂಟರೊಬ್ಬರು ಈ ಮೊಳೆಗಳು ಯಾತಕ್ಕೆ ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮುಂಚೆ ಯಜಮಾನರೇ ಹೇಳಿದರು.

"ಪರದೆ ಕಡ ಹೋಗಿದೆ. ಮಗು ಅನ್ನ ಉಂಡ ಮೇಲೆ ಬರುತ್ತೆ."